ಕೋಳಿ, ಬಾತು, ಮೊಲ, ಆಡು ಎಲ್ಲವನ್ನೂ ಒಂದೇ ಗೂಡಿನಲ್ಲಿ ಸಾಕಬಹುದೇ?

ಹಿತ್ತಲಲ್ಲಿ ನಾಲ್ಕಾರು ಬಗೆಯ ಪ್ರಾಣಿ, ಪಕ್ಷಿ ಸಾಕಲು ಹೊರಟವರೆಲ್ಲ ಮೊದಲು ಕೇಳುವುದು ಇದನ್ನೇ. ನಮ್ಮ ಉತ್ತರ: ಕೋಳಿ, ಬಾತು, ಆಡು ಹಗಲು ಒಂದೇ ಅಂಗಳದಲ್ಲಿ ಓಡಾಡಲಿ. ಆದರೆ ರಾತ್ರಿ ತಂಗುವ ಜಾಗ, ಮೇವಿನ ಪಾತ್ರೆ, ನೀರು ಮೂರೂ ಬೇರೆಯಾಗಿರಲೇಬೇಕು.

ಹೆಚ್ಚು ಎಡವುವುದು ಬಾತಿನ ವಿಷಯದಲ್ಲಿ. ಮೂಗಿನ ಹೊಳ್ಳೆ ತೊಳೆದುಕೊಳ್ಳುವಷ್ಟು ಆಳದ ನೀರು ಅದಕ್ಕೆ ಬೇಕು. ತಿಂದ ಬಾಯಲ್ಲೇ ಕೊಕ್ಕು ಅದ್ದಿ ಸುತ್ತಲೂ ಚೆಲ್ಲುತ್ತದೆ. ಗೂಡಿನಲ್ಲಿ ಹಾಸಿದ ಹೊಟ್ಟು ಒದ್ದೆಯಾದರೆ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಕೋಳಿಯ ಹಿಕ್ಕೆಯಲ್ಲಿ ಹೊರಬಿದ್ದ ಕಾಕ್ಸಿಡಿಯಾ ರೋಗಾಣುಗಳು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದಲ್ಲೇ ಬಲಿತು ಸೋಂಕು ತರುತ್ತವೆ. ಆಮೇಲೆ ಕೋಳಿಮರಿಗಳು ರಕ್ತ ಬೆರೆತ ಹಿಕ್ಕೆ ಹಾಕುತ್ತ, ರೆಕ್ಕೆ ಜೋಲಿಸಿಕೊಂಡು ಸಾಯುತ್ತವೆ. ಬಾತಿನ ನೀರನ್ನು ಗೂಡಿನ ಹೊರಗೆ, ಜಲ್ಲಿ ತುಂಬಿದ ಗುಂಡಿಯ ಮೇಲೆ ತಂತಿಬಲೆ ಹಾಸಿ ಇಡಿ. ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರಬೇಕು. ಉಂಡೆಯಾಗಿ ನಿಂತರೆ ಅಂದೇ ತೆಗೆದುಹಾಕಿ.

ಬಾತುಮರಿಗೆ ಕೋಳಿಮರಿಯ ಆಹಾರವನ್ನೇ ಹಾಕಿದರೆ ನಯಾಸಿನ್ ಎಂಬ ಬಿ ವಿಟಮಿನ್ ಸಾಲದೆ ಕಾಲು ಬಾಗುತ್ತದೆ. ಅದಕ್ಕೆ ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಬೇಕು. ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಬೆರೆಸಿ ಸರಿದೂಗಿಸಬಹುದು. ಗಂಡು ಬಾತೊಂದಕ್ಕೆ ನಾಲ್ಕೈದು ಹೆಣ್ಣಾದರೂ ಇರಲಿ. ಕಡಿಮೆಯಾದರೆ ಅದು ಹೇಂಟೆಗಳ ಮೇಲೇರುತ್ತದೆ. ಕೋಳಿಯ ದೇಹ ಆ ಕೂಡುವಿಕೆಗೆ ಹೊಂದಿದ್ದಲ್ಲ, ಒಳಗೆ ಗಾಯವಾಗಿ ಸತ್ತೂಹೋಗಬಹುದು.

ಟರ್ಕಿಯನ್ನು ಮಾತ್ರ ಕೋಳಿ ಮೇಯ್ದ ನೆಲಕ್ಕೂ ಬಿಡಬೇಡಿ. ಕೋಳಿಯ ಕರುಳಿನ ಸಣ್ಣ ಹುಳುವಿನ ಮೊಟ್ಟೆಯೊಳಗೆ ಬ್ಲ್ಯಾಕ್‌ಹೆಡ್ ರೋಗಾಣು ಅಡಗಿರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೋಳಿಗೆ ಅದರಿಂದ ಅಷ್ಟೇನೂ ಆಗದು, ಟರ್ಕಿಯ ಯಕೃತ್ತು ಹಾಳಾಗುತ್ತದೆ.

ಆಡಿಗೆ ಕೋಳಿಯ ಕಾಳು ಸಿಗುವಂತಿರಬಾರದು. ಒಮ್ಮೆಲೇ ಹೊಟ್ಟೆತುಂಬ ಕಾಳು ತಿಂದರೆ ಮೊದಲ ಹೊಟ್ಟೆಯಲ್ಲಿ ಹುಳಿಯೇರಿ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಕೋಳಿ ಮಾತ್ರ ನುಸುಳುವಷ್ಟು ಸಣ್ಣ ಬಾಗಿಲಿನ ಒಳಗೆ ಕಾಳಿಡಿ. ಹುಲ್ಲಿನ ಗೊಂತಿಗೆ ಮುಚ್ಚಳವಿರಲಿ. ಕೋಳಿ ಅದರ ಮೇಲೆ ಕೂತು ಹಿಕ್ಕೆ ಹಾಕಿದರೆ ಆಡು ಆ ಹುಲ್ಲು ಮೂಸುವುದಿಲ್ಲ, ತಿಂದರೂ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣುವಿನ ಭಯ.

ಮೊಲಕ್ಕೆ ನೆಲದಿಂದ ಎತ್ತರದ, ನೆರಳಿನ ಪಂಜರವೇ ಸರಿ. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಿಸಿಲಿಗೆ ಬಸವಳಿಯುತ್ತದೆ. ಪಾಶ್ಚುರೆಲ್ಲಾ ರೋಗಾಣು ಮೊಲಕ್ಕೂ ಕೋಳಿಗೂ ತಗಲುವುದರಿಂದ ಪಂಜರದ ಕೆಳಗೆ ಕೋಳಿ ಕೆದಕಲು ಬಿಡದಿರುವುದೇ ಮೇಲು.

ಹೊಸದಾಗಿ ತಂದ ಯಾವುದನ್ನೂ 30 ದಿನ ಹಿಂಡಿಗೆ ಸೇರಿಸಬೇಡಿ. ದಿನದ ಕೆಲಸ ಮರಿಗಳಿಂದ ಶುರುವಾಗಲಿ, ಆಮೇಲೆ ದೊಡ್ಡವು. ಹೊಸಬರ ಸರದಿ ಕೊನೆಗೆ, ಅದಕ್ಕೆಂದೇ ಇಟ್ಟ ಬೇರೆ ಚಪ್ಪಲಿ ಮೆಟ್ಟಿಕೊಂಡು.