ಸ್ಕೀಮಿನಲ್ಲಿ ಇಲ್ಲದ ಇಲಿ

ವ್ಯಂಗ್ಯಚಿತ್ರವನ್ನು ವಿಶ್ಲೇಷಿಸುವ ಹತ್ತು ಅಂಕದ ಪ್ರಶ್ನೆ. ವಿದ್ಯಾರ್ಥಿಗೆ ಸಿಕ್ಕಿದ್ದು ಮೂರು. ಆ ಉತ್ತರಪತ್ರಿಕೆ ಇದ್ದ ಬಂಡಲ್ ರಿವ್ಯೂಗೆಂದು ನನ್ನ ಮೇಜಿಗೆ ಬಂದದ್ದು ಮೌಲ್ಯಮಾಪನದ ಕೊನೆಯ ದಿನ, ಊಟ ಮುಗಿದ ಮೇಲೆ. ಹೆಸರಿನ ಬದಲು ಕೋಡ್ ಹಾಕಿದ ಪತ್ರಿಕೆಯಾದ್ದರಿಂದ ಬರೆದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಮೂರು ಅಂಕದ ಸಂಕಟ ಮಾತ್ರ ಇನ್ನೂ ಆರಿಲ್ಲ.

ಪ್ರಶ್ನೆಗೆ ಆರಿಸಿದ್ದು ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆನ್ ಟೆಲ್ನೇಸ್ ಅವರ ಕರಡು ಚಿತ್ರ. 'ವಾಷಿಂಗ್ಟನ್ ಪೋಸ್ಟ್' ಅದನ್ನು ಪ್ರಕಟಿಸಲು ಒಪ್ಪದಿದ್ದುದರಿಂದಲೇ ಅವರು 2025ರ ಜನವರಿಯಲ್ಲಿ ಆ ಪತ್ರಿಕೆಯನ್ನು ಬಿಟ್ಟರು. ಟ್ರಂಪ್ ಅವರ ಎತ್ತರದ ಪ್ರತಿಮೆ. ಅದರ ಮುಂದೆ ಮಂಡಿಯೂರಿ ಹಣದ ಚೀಲ ಎತ್ತಿ ಹಿಡಿದ ಕುಬೇರರು. ಜೊತೆಗೆ ನೆಲಕ್ಕೆ ಅಡ್ಡಬಿದ್ದ ಮಿಕ್ಕಿ ಮೌಸ್. ಇಷ್ಟನ್ನೂ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗಕ್ಕೆ ತುರುಕಿದ್ದರು. ಮುಖಗಳೆಲ್ಲ ಮಸಿಯಾಗಿದ್ದವು. ಕೆಳಗೆ ದಿನಾಂಕವಿಲ್ಲ, ಪತ್ರಿಕೆಯ ಹೆಸರಿಲ್ಲ.

ಸ್ಕೀಮ್, ಅಂದರೆ ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಹೀಗಿತ್ತು: ಟ್ರಂಪ್ ಅವರನ್ನು ಗುರುತಿಸಿದರೆ ಎರಡು, ಉದ್ಯಮಿಗಳ ಹೆಸರಿಗೆ ಮೂರು, 'ರಾಜಕೀಯದಲ್ಲಿ ಹಣದ ಪ್ರಭಾವ' ಎಂದರೆ ಮೂರು, ಭಾಷೆಗೆ ಎರಡು.

ಆ ಉತ್ತರದಲ್ಲಿ ಇದ್ದ ಉದ್ಯಮಿಯ ಹೆಸರು ಒಂದೇ, ಜೆಫ್ ಬೆಜೋಸ್. ಆದರೆ ಎರಡನೆಯ ಪ್ಯಾರಾದಲ್ಲಿ ಹೀಗಿತ್ತು: "ಪ್ರತಿಮೆ ಏನನ್ನೂ ಕೇಳುತ್ತಿಲ್ಲ. ಇವರೇ ಕೊಡುತ್ತಿದ್ದಾರೆ. ಆದ್ದರಿಂದ ಈ ಚಿತ್ರ ಅಧ್ಯಕ್ಷರಿಗಿಂತ ಹೆಚ್ಚಾಗಿ ಪತ್ರಿಕೆಯ ಮಾಲೀಕರ ಕುರಿತದ್ದು." ಅನಂತರ ಇಲಿಯ ಮಾತು. ಮಿಕ್ಕಿ ಡಿಸ್ನಿಯದು, ಎಬಿಸಿ ವಾಹಿನಿ ಡಿಸ್ನಿಗೆ ಸೇರಿದ್ದು, ಟ್ರಂಪ್ ಹೂಡಿದ್ದ ಮಾನನಷ್ಟ ಮೊಕದ್ದಮೆಯನ್ನು ಆ ವಾಹಿನಿ 2024ರ ಡಿಸೆಂಬರಿನಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಮಸಿಯಾದ ಆ ಚಿತ್ರದಲ್ಲಿ ಎರಡು ದುಂಡು ಕಿವಿಗಳನ್ನು ಕಂಡು ಇಲ್ಲಿಯವರೆಗೆ ಬಂದಿದ್ದರು! ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ.

"ಸ್ಕೀಮಿನಲ್ಲಿ ಇಲಿ ಇಲ್ಲ ಮೇಡಂ. ಹೆಸರುಗಳನ್ನು ಕೇಳಿದೆ, ಒಂದೇ ಬರೆದಿದ್ದಾರೆ," ಎಂದರು ಮೊದಲು ತಿದ್ದಿದ್ದ ಹಿರಿಯರು. ಅವರು ಸೋಮಾರಿಯಲ್ಲ, ಸ್ಕೀಮಿಗೆ ನಿಷ್ಠರು.

ನನ್ನ ವಾದ ಇಷ್ಟೇ ಆಗಿತ್ತು. ಬೆಜೋಸ್ ಅಮೆಜಾನ್ ಕಟ್ಟಿದವರು ಮಾತ್ರವಲ್ಲ, ಚಿತ್ರವನ್ನು ತಡೆದ ಪತ್ರಿಕೆಯ ಒಡೆಯರೂ ಹೌದು. ಅದೇ ಚಿತ್ರದಲ್ಲಿರುವ ಪ್ಯಾಟ್ರಿಕ್ ಸೂನ್-ಶಿಯಾಂಗ್ 'ಲಾಸ್ ಏಂಜಲೀಸ್ ಟೈಮ್ಸ್' ಒಡೆಯರು. 2024ರ ಚುನಾವಣೆಗೆ ಮುನ್ನ ಈ ಎರಡೂ ಪತ್ರಿಕೆಗಳು ಅಧ್ಯಕ್ಷೀಯ ಅಭ್ಯರ್ಥಿಗೆ ಬೆಂಬಲ ಘೋಷಿಸದೆ ಉಳಿದವು. ಚಿತ್ರದಲ್ಲಿರುವ ಇನ್ನೊಬ್ಬರು, ಫೇಸ್‌ಬುಕ್ ಕಟ್ಟಿದ ಜುಕರ್‌ಬರ್ಗ್, ಅವರ ಕೈಯಲ್ಲಿ ಸುದ್ದಿ ಹರಿಯುವ ದಾರಿಯೇ ಇದೆ. ಇದನ್ನೆಲ್ಲ ಬಿಟ್ಟು 'ಹಣದ ಪ್ರಭಾವ' ಎಂದು ಬರೆದರೆ ಅದು ಯಾವ ದೇಶದ ಯಾವ ಚಿತ್ರಕ್ಕೂ ಹೊಂದುವ ಉತ್ತರ.

ನಾಲ್ಕೂವರೆಗೆ ಉತ್ತರಪತ್ರಿಕೆಗಳ ಹೊಣೆ ಹೊತ್ತ ಕಸ್ಟೋಡಿಯನ್ ಬಂಡಲ್ ಸೀಲ್ ಮಾಡಲು ಬಂದು ನಿಂತರು. ಐದಕ್ಕೆ ಅಂಕ ತುಂಬುವ ಪೋರ್ಟಲ್ ಮುಚ್ಚುತ್ತದೆ. ಅಂಕ ಬದಲಿಸಲು ಮೌಲ್ಯಮಾಪನದ ಅಧ್ಯಕ್ಷೆಯ ಲಾಗಿನ್ ಬೇಕು, ಅದು ತೆರೆಯುತ್ತಲೇ ಇರಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ಸಭಾಂಗಣದಲ್ಲಿ ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಅಧ್ಯಕ್ಷೆ ಉತ್ತರವನ್ನು ನಿಧಾನವಾಗಿ ಓದಿ, "ಇದು ಒಳ್ಳೆಯ ಉತ್ತರವೇ. ಆದರೆ ಇದಕ್ಕೆ ಕೊಟ್ಟರೆ ಉಳಿದ ಬಂಡಲ್‌ಗಳನ್ನೂ ತೆರೆಯಬೇಕಾಗುತ್ತದಲ್ಲ?" ಎಂದರು.

"ತೆರೆಯೋಣ ಮೇಡಂ," ಎಂದೆ.

ಯಾರೂ ಮಾತನಾಡಲಿಲ್ಲ. ಲಾಗಿನ್ ತೆರೆದುಕೊಂಡಾಗ ಐದಕ್ಕೆ ಕೆಲವೇ ನಿಮಿಷ ಉಳಿದಿತ್ತು. ಮೂರು ಎಂಟಾಯಿತು, ಪಕ್ಕದಲ್ಲಿ ಅಧ್ಯಕ್ಷೆಯ ಸಹಿ ಬಿತ್ತು. ಉಳಿದ ಬಂಡಲ್‌ಗಳು ಸೀಲಾದವು. ಅವುಗಳಲ್ಲಿ ಇನ್ನೆಷ್ಟು ಮಂದಿ ಆ ಕಿವಿಗಳನ್ನು ಗುರುತಿಸಿ ಅಂಕ ಕಳೆದುಕೊಂಡರೋ! ರಿವ್ಯಾಲ್ಯುಯೇಷನ್‌ಗೆ ಹಣ ಕಟ್ಟಿದವರಿಗೆ ಮಾತ್ರ ಇನ್ನೊಂದು ಅವಕಾಶ.

ಈಗ ತರಗತಿಯಲ್ಲಿ ಚಿತ್ರದ ಅರ್ಥವನ್ನು ಮೊದಲೇ ಕೇಳುವುದಿಲ್ಲ. ಯಾವ ದಿನ ಬಂತು, ಯಾವ ಪತ್ರಿಕೆಯಲ್ಲಿ, ಆ ಪತ್ರಿಕೆ ಯಾರದು, ಇವನ್ನು ಬರೆಸುತ್ತೇನೆ. ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಅವರ ಚಿತ್ರವನ್ನು ಮೊದಲು ತೋರಿಸುತ್ತೇನೆ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿದ್ದುಕೊಂಡೇ ಸಹಿ ಹಾಕಿದ ಕಾಗದವನ್ನು ಬಾಗಿಲ ಸಂದಿಯಲ್ಲಿ ಚಾಚಿದ ಕೈಗೆ ಕೊಡುತ್ತಾ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಕಾಯಲು ಹೇಳಿ ಎನ್ನುತ್ತಾರೆ. ದಿನಾಂಕ ಮುಚ್ಚಿಟ್ಟು ಕೇಳಿದರೆ 'ರಾಷ್ಟ್ರಪತಿ ಸೋಮಾರಿ' ಎಂಬ ಉತ್ತರ ಬರುತ್ತದೆ. 1975ರ ಡಿಸೆಂಬರ್ 10, 'ಇಂಡಿಯನ್ ಎಕ್ಸ್‌ಪ್ರೆಸ್' ಎಂದು ಹೇಳಿದ ಕೂಡಲೇ ಯಾರಾದರೂ ಬಾಗಿಲಾಚೆಗಿನ ಕೈ ಯಾರ ಪರವಾಗಿ ಬಂದದ್ದು ಎಂದು ಕೇಳುತ್ತಾರೆ. ತುರ್ತುಪರಿಸ್ಥಿತಿ, ಪತ್ರಿಕೆಗಳ ಮೇಲಿನ ಸೆನ್ಸಾರ್, ಚಿತ್ರದಲ್ಲಿ ಕಾಣಿಸದ ಪ್ರಧಾನಿ, ಎಲ್ಲವೂ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಟೆಲ್ನೇಸ್ ಚಿತ್ರಕ್ಕೆ ಬಂದಾಗ ಸಂಪಾದಕರ ಮಾತನ್ನೂ ಹೇಳುತ್ತೇನೆ. ಅದೇ ವಿಷಯದ ಅಂಕಣ ಆಗಲೇ ಪ್ರಕಟವಾಗಿತ್ತು, ಇನ್ನೊಂದು ಸಿದ್ಧವಿತ್ತು, ಪುನರಾವರ್ತನೆ ಬೇಡವೆಂದು ತಡೆದೆವು ಎಂಬುದು ಅವರ ವಿವರಣೆ. ಟೆಲ್ನೇಸ್ ಅದನ್ನು ಒಪ್ಪಲಿಲ್ಲ. ನನಗೂ ಅದು ಸಾಲದು ಎನಿಸುತ್ತದೆ. ಎರಡನ್ನೂ ತೂಗಿ ನೋಡಿ ಸಂಪಾದಕರ ಪರ ವಾದಿಸುವ ವಿದ್ಯಾರ್ಥಿಗೂ ಪೂರ್ಣ ಅಂಕ ಕೊಡುತ್ತೇನೆ.

ಚಿತ್ರ ಅರ್ಧ ಪುಟದಷ್ಟಾದರೂ ಇರಬೇಕು, ಕೆಳಗೆ ದಿನಾಂಕವೂ ಪತ್ರಿಕೆಯ ಹೆಸರೂ ಬೇಕು, ಚಿತ್ರದಿಂದಲೇ ಆಧಾರ ಕೊಟ್ಟ ಬೇರೆ ವಿಶ್ಲೇಷಣೆಗೂ ಸ್ಕೀಮಿನಲ್ಲಿ ಅಂಕ ಇರಬೇಕು ಎಂದು ಪರೀಕ್ಷಕರ ಮಂಡಳಿಗೆ (ಬಿಒಇ) ಪತ್ರ ಕೊಟ್ಟೆ. ಮುದ್ರಣದ ಖರ್ಚು ಹೆಚ್ಚುತ್ತದೆ ಎಂಬ ಉತ್ತರ ಬಂತು. ಹಾಗಾದರೆ ಈ ಪ್ರಶ್ನೆಯನ್ನು ಕಾಲೇಜಿನಲ್ಲೇ ನಡೆಯುವ ಇಂಟರ್ನಲ್ಸ್‌ಗೆ ಬಿಟ್ಟುಕೊಡಿ, ಪ್ರೊಜೆಕ್ಟರಿನಲ್ಲಿ ತೋರಿಸಿ ಬರೆಸುತ್ತೇವೆ ಎಂದು ಮತ್ತೆ ಬರೆದಿದ್ದೇನೆ.