ಮಂಟಪ ಮುಳುಗಿತಾ?

ಜುಲೈ ಬಂತೆಂದರೆ ತೀರ್ಥಹಳ್ಳಿಯಿಂದ ಅಮ್ಮನ ಫೋನ್ ಹೀಗೇ ಶುರುವಾಗುತ್ತದೆ: "ಮಂಟಪ ಮುಳುಗಿತಾ ಮಾರಾಯ್ತಿ?" ಊಟ, ಆರೋಗ್ಯ ಎಲ್ಲ ಆಮೇಲೆ. ನೀರು ಅವಳ ಊರು ದಾಟಿಯೇ ಶಿವಮೊಗ್ಗಕ್ಕೆ ಬರುವುದು, ಆದರೂ ಕೇಳುವುದು ನನ್ನನ್ನೇ!

ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ನಿಂತಿರುವ ಕಲ್ಲಿನ ಮಂಟಪ ಅದು. ಮೇಲಿನ ಗಾಜನೂರು ಡ್ಯಾಂನಲ್ಲಿ ಗೇಟು ತೆಗೆದರು ಅಂತ ಗೊತ್ತಾದರೆ ಜನ ಕೊಡೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ, ಬಾಗಿನ ಬಿಡುತ್ತಾರೆ. ಕ್ಯೂಸೆಕ್ ಲೆಕ್ಕ ಪೇಪರಿನವರಿಗೆ.

ಪ್ಯಾರಿಸ್‌ನಲ್ಲಿ ಓದುತ್ತಿರುವ ಅಕ್ಕನ ಮಗ ಮೊನ್ನೆ ಒಂದು ಫೋಟೊ ಕಳಿಸಿದ. ಸೇನ್ ನದಿಯ ಅಲ್ಮಾ ಸೇತುವೆಗೆ ಒರಗಿ ನಿಂತ ಕಲ್ಲಿನ ಸಿಪಾಯಿ, ಹೆಸರು ಜುವಾವ್. ನೀರು ಅವನ ಪಾದಕ್ಕೆ ಬಂತಾ, ಮಂಡಿಗೆ ಬಂತಾ ಅಂತ ಅಲ್ಲಿಯವರು ನೋಡುತ್ತಾರೆ. 1910ರ ನೆರೆಯಲ್ಲಿ ಭುಜದವರೆಗೆ ಬಂದಿತ್ತು. "ಚಿಕ್ಕಮ್ಮಾ, ಇದು ಇವರ ಮಂಟಪ" ಅಂತ ಬರೆದಿದ್ದ.

ಆ ನದಿಯ ದಂಡೆಯೇ 1991ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಎತ್ತರದ ಕಲ್ಲಿನ ಗೋಡೆ, ಮೇಲೆ ರಸ್ತೆ, ಕೆಳಗೆ ನೀರಿನ ಮಟ್ಟಕ್ಕೆ ಇನ್ನೊಂದು ಕಲ್ಲುಹಾಸು. ಸರಕಿನ ದೋಣಿ ನಿಲ್ಲಿಸಿ ಇಳಿಸಲು ಮಾಡಿದ್ದು. ಚೆಂದವೇ. ಆದರೆ ನಮ್ಮ ಕಡೆ ದೋಣಿಗಿಂತ ಮನುಷ್ಯರು ನೀರಿಗಿಳಿಯುವುದು ಮುಖ್ಯ. ಅದಕ್ಕೇ ಗೋಡೆಯಲ್ಲ, ಮೆಟ್ಟಿಲು. ಏಪ್ರಿಲ್‌ನಲ್ಲಿ ಕೊನೇ ಮೆಟ್ಟಿಲವರೆಗೂ ಇಳಿಯಬೇಕು. ಜುಲೈನಲ್ಲಿ ಮೇಲಿನ ಮೆಟ್ಟಿಲಲ್ಲೇ ಕಾಲು ಒದ್ದೆ. ಹೊಳೆ ಎಷ್ಟೇ ಏರಲಿ ಇಳಿಯಲಿ, ನೀರಿನ ಅಂಚಿಗೆ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಎಂಥ ಉಪಾಯ ಅಲ್ವಾ? ಶೃಂಗೇರಿಯಲ್ಲಂತೂ ಹೊಳೆಗೆ ಇಳಿಯುವ ಮೆಟ್ಟಿಲ ಹತ್ತಿರವೇ ಕಪ್ಪೆ ಶಂಕರನನ್ನು ಕೆತ್ತಿದ್ದಾರೆ, ಕಪ್ಪೆಗೆ ಹೆಡೆಯ ನೆರಳು ಹಿಡಿದ ಹಾವು.

ಹಳೇ ಮೆಟ್ಟಿಲ ಕಲ್ಲು ಉಳಿ ಏಟಿನಿಂದ ತರಿತರಿ, ಕಾಲಿಗೆ ಹಿಡಿತ ಸಿಗುತ್ತದೆ. ಕಳೆದ ವರ್ಷ ಒಂದು ಊರಿನ ಸ್ನಾನಘಟ್ಟದಲ್ಲಿ ಅದರ ಮೇಲೇ ನುಣ್ಣನೆ ಗ್ರಾನೈಟ್ ಹಾಸಿದ್ದರು. ಅಭಿವೃದ್ಧಿಯಂತೆ. ಮೂರನೇ ಮೆಟ್ಟಿಲಿಗೇ ಜಾರಿ ಬಿದ್ದೆ, ಮಂಡಿ ವಾರಗಟ್ಟಲೆ ನೀಲಿಯಾಗಿತ್ತು.

ಇವತ್ತು ಸಂಜೆ ಛತ್ರದ ಹತ್ತಿರ ಹೋಗಿದ್ದೆ. ಮಂಟಪದ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಅಮ್ಮನಿಗೆ ಹೇಳಿದೆ.

"ಹಂಗಾರೆ ಬೆಳಿಗ್ಗೆ ಮತ್ತೊಂದ್ಸಲ ಹೋಗಿ ನೋಡು. ಇಲ್ಲಿ ಮಳೆ ನಿಂತಿಲ್ಲ."