ಎಷ್ಟನೇ ದಿನಕ್ಕ ಗರ್ಭ ನಿಲ್ಲತೈತ್ರೀ?

"ಅಕ್ಕಾರ, ಎಷ್ಟನೇ ದಿನಕ್ಕ ಕೂಡಿದ್ರ ಗರ್ಭ ನಿಲ್ಲತೈತ್ರೀ?" ಆಸ್ಪತ್ರೆಯಲ್ಲಿ ಅತ್ತೆ ಚೀಟಿ ಮಾಡಿಸಲು ಹೊರಗೆ ಹೋದ ಎರಡು ನಿಮಿಷದಲ್ಲಿ ಸೊಸೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಯಾವ ಜಿಲ್ಲೆಯಾದರೂ ಮಾತು ಇದೇ. ಕೇಳುವವರ ತಲೆಯಲ್ಲಿ ಉತ್ತರವೂ ಮೊದಲೇ ಕೂತಿರುತ್ತದೆ: ಹದಿನಾಲ್ಕು. ಮೊಬೈಲಿನಲ್ಲಿ ನೋಡಿರುತ್ತಾರೆ, ಇಲ್ಲವೇ ನೆಗೆಣ್ಣಿ ಹೇಳಿರುತ್ತಾಳೆ.

ಹದಿನಾಲ್ಕನೇ ದಿನ ಎಂಬುದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. 24 ದಿನಕ್ಕೆ ಆಗುವವರಿದ್ದಾರೆ, 35ಕ್ಕೆ ಆಗುವವರಿದ್ದಾರೆ, ಇಬ್ಬರೂ ಆರೋಗ್ಯವಂತರೇ. ಇಬ್ಬರಿಗೂ ಹದಿನಾಲ್ಕೇ ಹಚ್ಚಿದರೆ ಒಬ್ಬಳಿಗೆ ಹದ ಮೀರಿರುತ್ತದೆ, ಇನ್ನೊಬ್ಬಳಿಗೆ ಹದ ಬಂದೇ ಇರುವುದಿಲ್ಲ.

ಅದಕ್ಕೂ ಮೊದಲು, ಎಣಿಕೆ ಶುರುವಾಗುವ ದಿನವೇ ನಮ್ಮ ಕಡೆ ತಪ್ಪುತ್ತದೆ. "ಯಾವತ್ತು ಹೊರಗಾಗಿದ್ದಿ?" ಎಂದರೆ ಎಷ್ಟೋ ಮಂದಿ ತಲೆ ಮೇಲೆ ನೀರು ಹಾಕಿಕೊಂಡ ದಿನ ಹೇಳುತ್ತಾರೆ. ಅಡುಗೆಮನೆಗೆ, ದೇವರ ಕೋಣೆಗೆ ಮರಳಿ ಹೋಗುವ ದಿನವದು. ನೆನಪಿನಲ್ಲಿ ಉಳಿಯುವುದೂ ಅದೇ. ಆದರೆ ಒಂದನೇ ದಿನ ಎಂದರೆ ಬಟ್ಟೆ ಇಟ್ಟುಕೊಳ್ಳುವಷ್ಟು ರಕ್ತ ಕಂಡ ಮೊದಲ ದಿನ. ಹಿಂದಿನ ದಿನದ ಕಂದು ಕಲೆ ಲೆಕ್ಕಕ್ಕಿಲ್ಲ. 26 ದಿನದ ಚಕ್ರದವಳಿಗೆ ಅಂಡ ಬಿಡುಗಡೆಯಾಗುವುದು ಸುಮಾರು 12ನೇ ದಿನ. ಅವಳು ಐದನೇ ದಿನದ ಸ್ನಾನದಿಂದ ಎಣಿಸಿ ಹದಿನಾಲ್ಕು ಮುಟ್ಟುವಾಗ ನಿಜವಾಗಿ 18ನೇ ದಿನ. ಆರು ದಿನ ತಡ. ಹೀಗೆ ವರ್ಷವಿಡೀ ತಪ್ಪು ದಿನಕ್ಕೆ ಕಾದು "ನನಗ ಏನೋ ದೋಷ ಐತಿ" ಎಂದುಕೊಳ್ಳುವವರಿದ್ದಾರೆ.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಟ್ಟರೆ ಸಾಕು. ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಯ ಹಿಂದಿನ ದಿನದವರೆಗೆ ಎಣಿಸಿದ್ದು ಒಂದು ಚಕ್ರ. ಒಂದೇ ತಿಂಗಳದ್ದು ಸಾಲದು, ಕನಿಷ್ಠ ಆರು ಚಕ್ರ ಬೇಕು.

ಈಗ ಲೆಕ್ಕ ಹಿಂದಿನಿಂದ ಮುಂದಕ್ಕಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಇದನ್ನು ತೋರಿಸಿದವರಲ್ಲಿ ಮೊದಲಿಗರು ಜಪಾನಿನ ವೈದ್ಯ ಕ್ಯೂಸಾಕು ಓಗಿನೊ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವಾಗ ಅಂಡಾಶಯ ನೋಡಿ, ಅದನ್ನು ಆಯಾ ಹೆಂಗಸಿನ ಮುಟ್ಟಿನ ದಿನಗಳಿಗೆ ತಾಳೆ ಹಾಕಿದರು. ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಅಂಡ ಹೊರಬರುತ್ತದೆ ಎಂದು 1924ರಲ್ಲಿ ಬರೆದರು. ಅಂಡ ಬಲಿಯುವ ಮೊದಲ ಭಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಜ್ವರ, ಚಿಂತೆ, ತೂಕದ ಏರಿಳಿತ ಎಲ್ಲವೂ ತಟ್ಟುವುದು ಅದಕ್ಕೇ. ಅಂಡ ಬಿಟ್ಟ ಮೇಲಿನ ಭಾಗ ಹೆಚ್ಚುಕಡಿಮೆ ಎರಡು ವಾರ, ದೊಡ್ಡ ಬದಲಾವಣೆ ಇಲ್ಲ.

ಹಾಗಾಗಿ ಚಕ್ರದ ಒಟ್ಟು ದಿನದಲ್ಲಿ 14 ಕಳೆಯಿರಿ. 24 ದಿನದವಳಿಗೆ 10ನೇ ದಿನ, 28ಕ್ಕೆ 14, 32ಕ್ಕೆ 18, 35ಕ್ಕೆ 21. ಒಂದೆರಡು ದಿನ ಆಚೀಚೆ. ಇನ್ನು ಚಕ್ರ ಒಮ್ಮೆ 27, ಒಮ್ಮೆ 34 ಆಗುವವರಿಗೆ ಅಂಡ 13ಕ್ಕೂ ಬರಬಹುದು, 20ಕ್ಕೂ ಬರಬಹುದು. ಒಂದೇ ದಿನ ಹೇಳು ಎಂದರೆ ಯಾರಿಗೂ ಆಗದು.

ಅಂಡದ ಆಯುಸ್ಸು 12ರಿಂದ 24 ತಾಸು ಮಾತ್ರ. ವೀರ್ಯಾಣು ಮಾತ್ರ ಗರ್ಭಕೊರಳಿನಲ್ಲಿ ಅನುಕೂಲದ ಲೋಳೆಯಿದ್ದರೆ ಒಳಗೆ ಐದು ದಿನದವರೆಗೂ ಬದುಕುತ್ತದೆ. ಆದ್ದರಿಂದ ಗರ್ಭ ನಿಲ್ಲುವ ದಿನಗಳು ಆರು: ಅಂಡ ಬರುವ ದಿನ, ಮತ್ತು ಅದರ ಹಿಂದಿನ ಐದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮಗು ಬಯಸುತ್ತಿದ್ದ 221 ಮಹಿಳೆಯರನ್ನು ಗಮನಿಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಗರ್ಭ ನಿಂತದ್ದೆಲ್ಲ ಈ ಆರು ದಿನಗಳೊಳಗೇ. ಅಂಡ ಬಿಟ್ಟ ಮರುದಿನದಿಂದ ಬಾಗಿಲು ಮುಚ್ಚಿದಂತೆ. ಅಂಡಕ್ಕೆ ಕಾಯುವುದಕ್ಕಿಂತ ಮೊದಲೇ ವೀರ್ಯಾಣು ಹೋಗಿ ಕಾದಿರುವುದು ಒಳ್ಳೆಯದು. ಇದೇ ತಂಡ 2000ದಲ್ಲಿ ತೋರಿಸಿದ ಇನ್ನೊಂದು ಸಂಗತಿ: ಈ ಆರೂ ದಿನಗಳು 10ರಿಂದ 17ನೇ ದಿನದೊಳಗೆ ಬೀಳುವುದು ನೂರರಲ್ಲಿ ಸುಮಾರು 30 ಹೆಂಗಸರಿಗಷ್ಟೇ.

ಹಿಂದೆಣಿಕೆ ಕೈಕೊಡುವ ಒಂದು ತಿಂಗಳಿದೆ. ಬನಶಂಕರಿ ಜಾತ್ರೆಗೋ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ, ಮನೆಯ ಮದುವೆಗೋ ಮುಟ್ಟು ಮುಂದೂಡುವ ಗುಳಿಗಿ ನುಂಗಿರುತ್ತಾರಲ್ಲ, ಆ ತಿಂಗಳು. ಅದು ನೊರೆಥಿಸ್ಟರಾನ್, ಸಾಮಾನ್ಯವಾಗಿ ಮುಟ್ಟಿಗೆ ಮೂರು ದಿನ ಮೊದಲು ಶುರುಮಾಡುವುದು. ಅಷ್ಟರಲ್ಲಿ ಅಂಡ ಬಂದು ಹೋಗಿರುತ್ತದೆ. ಗುಳಿಗಿ ರಕ್ತಸ್ರಾವವನ್ನಷ್ಟೇ ತಡೆಹಿಡಿದಿರುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಅಲ್ಲಿಂದ 14 ಹಿಂದೆ ಎಣಿಸಿದರೆ ಪೂರಾ ತಪ್ಪು ದಿನ ಸಿಗುತ್ತದೆ. ಮೊಬೈಲ್ ಆ್ಯಪ್‌ಗೆ ಗುಳಿಗಿ ವಿಷಯ ಗೊತ್ತಿಲ್ಲ, ಗುಳಿಗಿಯಿಂದ ಹಿಗ್ಗಿದ ಆ ಚಕ್ರವನ್ನೂ ಸರಾಸರಿಗೆ ಸೇರಿಸಿ ಮುಂದಿನ ತಿಂಗಳ ದಿನವನ್ನೂ ಕೆಡಿಸುತ್ತದೆ. ಆ ಚಕ್ರವನ್ನು ಲೆಕ್ಕದಿಂದ ತೆಗೆದುಬಿಡಿ. ಮಗು ಬೇಕೆನ್ನುವ ತಿಂಗಳಲ್ಲಿ ಆ ಗುಳಿಗಿಯ ಗೊಡವೆಯೇ ಬೇಡ.

ಕ್ಯಾಲೆಂಡರ್ ಹೇಳುವುದು ಅಂದಾಜು. ಈ ತಿಂಗಳು, ಇವತ್ತು ಏನು ನಡೆದಿದೆ ಎಂದು ಹೇಳುವುದು ಮೈ. ಖರ್ಚಿಲ್ಲದ ಪರೀಕ್ಷೆ ಲೋಳೆಯದು. ಮುಟ್ಟು ನಿಂತ ಮೇಲೆ ಕೆಲದಿನ ಒಣ ಒಣ ಇರುತ್ತದೆ. ಆಮೇಲೆ ಅಂಟಂಟು, ಬಳಿಕ ಹಾಲಿನ ಕೆನೆಯಂಥದ್ದು. ಕೊನೆಗೆ ಒಂದು ದಿನ ಜಾರುವಂಥ, ತಿಳಿ ನೀರಿನಂಥ ಲೋಳೆ. ಒಡೆದ ತತ್ತಿಯ ಬಿಳಿ ಭಾಗದ ಹಾಗೆ. ತತ್ತಿ ಮುಟ್ಟದ ಮನೆಯವರು ಬೆಂಡಿಕಾಯಿ ನೆನೆಸಿಕೊಳ್ಳಲಿ: ಹೆಚ್ಚುವಾಗ ಚಾಕುವಿನಿಂದ ಎಳೆ ಎಳೆಯಾಗಿ ಬರುತ್ತದಲ್ಲ, ಆ ಲೋಳೆ. ಮೂತ್ರಕ್ಕೆ ಹೋಗುವ ಮೊದಲು ಕೈ ತೊಳೆದು, ಹೊರಗಿನಿಂದಲೇ ಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ನಿಧಾನ ಎಳೆಯಿರಿ. ತುಂಡಾಗದೆ ಎರಡು ಬೆರಳ ಅಗಲಕ್ಕೆ ಹಿಗ್ಗಿದರೆ ದಿನ ಬಂತು ಎಂದೇ ಅರ್ಥ. ಇಂಥ ಜಾರು ಲೋಳೆ ಕಾಣುವ ಕೊನೆಯ ದಿನದ ಆಸುಪಾಸಿನಲ್ಲೇ ಅಂಡ ಬರುತ್ತದೆ. ಮರುದಿನ ಮತ್ತೆ ಅಂಟು ಅಥವಾ ಒಣ.

"ಬಿಳಿ ಹೋಗಾಕತ್ತೈತ್ರಿ" ಎಂದು ಹೆದರಿ ಬರುವವರಲ್ಲಿ ಕೆಲವರದ್ದು ಈ ಲೋಳೆಯೇ. ಅದಕ್ಕೆ ಔಷಧಿ ಬೇಕಿಲ್ಲ. ಮೊಸರಿನ ಗಡ್ಡೆಯಂತಿದ್ದು ತುರಿಕೆಯಿದ್ದರೆ, ಹಳದಿ ಹಸಿರು ಬಣ್ಣವಿದ್ದರೆ, ದುರ್ವಾಸನೆಯಿದ್ದರೆ ಅದು ಸೋಂಕು, ತೋರಿಸಿಕೊಳ್ಳಿ.

ಔಷಧಿ ಅಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿ ಕಿಟ್ ಎಲ್‌ಎಚ್ ಎಂಬ ಹಾರ್ಮೋನು ಏರುವುದನ್ನು ಮೂತ್ರದಲ್ಲಿ ಹಿಡಿಯುತ್ತದೆ. ಏರಿಕೆ ಶುರುವಾದ 24ರಿಂದ 36 ತಾಸಿನಲ್ಲಿ ಅಂಡ ಬಿಡುಗಡೆ. ನಿಮ್ಮ ಅತಿ ಚಿಕ್ಕ ಚಕ್ರದಲ್ಲಿ 17 ಕಳೆದ ದಿನ ಶುರುಮಾಡಿ, 28 ದಿನದವರಾದರೆ 11ನೇ ದಿನ. ಬೆಳಗ್ಗೆ ಎದ್ದ ತಕ್ಷಣದ ಮೂತ್ರಕ್ಕಿಂತ ಮಧ್ಯಾಹ್ನದ್ದು ವಾಸಿ. ದಿನಾ ಒಂದೇ ಹೊತ್ತು, ಅದಕ್ಕೂ ಮುಂಚಿನ ಎರಡು ತಾಸು ಹೆಚ್ಚು ನೀರು ಕುಡಿಯಬೇಡಿ. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಇದನ್ನು ಬಸಿರಿನ ಕಿಟ್‌ನಂತೆ ಓದುವುದು. ಆಶಾ ಕಾರ್ಯಕರ್ತೆ ಕೊಡುವ ಬಸಿರಿನ ಕಿಟ್‌ನಲ್ಲಿ ಎರಡನೇ ಗೆರೆ ಮಸುಕಾಗಿ ಮೂಡಿದರೂ ಹೌದು. ಇದರಲ್ಲಿ ಮಸುಕು ಗೆರೆ ಎಂದರೆ ಇಲ್ಲ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಬೇಕು. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದು, ಅವರಿಗೆ ಈ ಕಿಟ್ ಸುಳ್ಳು ಹೇಳಬಹುದು.

ಬೆಳಗಿನ ಮೈ ಉಷ್ಣತೆ ನೋಡುವ ವಿಧಾನವೂ ಉಂಟು. ಅಂಡ ಬಿಟ್ಟ ಮೇಲೆ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ದಿನಾ ಒಂದೇ ಹೊತ್ತಿಗೆ, ಹಾಸಿಗೆಯಿಂದ ಏಳುವ ಮೊದಲು ನೋಡಬೇಕು. ಒಂದು ದಿನ ನಾಲ್ಕಕ್ಕೆ ನಳ ಬಂತೆಂದು ಎದ್ದು, ಮರುದಿನ ಆರಕ್ಕೆ ರೊಟ್ಟಿಗೆ ಏಳುವವರಿಗೆ ಇದು ಹೊಂದುವುದಿಲ್ಲ. ಹೊಂದಿದರೂ ಅದು ಹೇಳುವುದು ಅಂಡ ಬಂದು ಹೋದ ಸುದ್ದಿ. ನಮ್ಮ ಸಲಹೆ: ಬಿಡಿ.

ಇಷ್ಟೆಲ್ಲ ತಲೆಬಿಸಿಯೇ ಬೇಡ ಎನ್ನುವವರಿಗೆ ಸುಲಭದ ದಾರಿ, ಮುಟ್ಟು ನಿಂತಾಗಿನಿಂದ ಎರಡು ಮೂರು ದಿನಕ್ಕೊಮ್ಮೆ ಕೂಡುವುದು. ಆರು ದಿನದ ಕಿಂಡಿ ತಪ್ಪಿಸಿಕೊಳ್ಳಲಾಗದು. "ಕೂಡಿಟ್ರ ಗಟ್ಟಿ ಆಗತೈತಿ" ಎಂದು ಗಂಡಸರು ಹತ್ತು ಹದಿನೈದು ದಿನ ಬಿಟ್ಟಿರುವುದರಿಂದ ಲಾಭವಿಲ್ಲ. ಹಳೆಯ ವೀರ್ಯಾಣುಗಳ ಚುರುಕು ಕುಂದುತ್ತದೆ.

ಆದರೆ ಎರಡು ದಿನಕ್ಕೊಮ್ಮೆ ಎನ್ನಲು ಗಂಡ ಮನೆಯಲ್ಲಿರಬೇಕಲ್ಲ. ಬೆಳಗಾವಿ ಕಡೆ ಸೈನ್ಯದಲ್ಲಿರುವವರ ಮನೆಗಳು ಎಷ್ಟೋ. ವಿಜಯಪುರ, ಬಾಗಲಕೋಟೆಯಿಂದ ಗೋವಾ, ಪುಣೆ, ಮಂಗಳೂರಿಗೆ ದುಡಿಯಲು ಹೋದವರ ಮನೆಗಳು ಇನ್ನಷ್ಟು. "ಮದಿವಿ ಆಗಿ ಎರಡ ವರ್ಷ ಆತು" ಎನ್ನುತ್ತಾರೆ. ಕೂತು ಲೆಕ್ಕ ಹಾಕಿದರೆ ಇಬ್ಬರೂ ಜೊತೆಗಿದ್ದ ಫಲವತ್ತಾದ ವಾರಗಳು ಮೂರೋ ನಾಲ್ಕೋ. ಇಂಥವರು ಬಂಜೆತನದ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ರಜೆಯ ದಿನ ನೋಡಿಕೊಳ್ಳಲಿ. ಮುಟ್ಟು ಐದನೇ ತಾರೀಖಿಗೆ, ಚಕ್ರ 30ರಿಂದ 32 ದಿನ ಎಂದಿಟ್ಟುಕೊಳ್ಳಿ. ಅಂಡ ಬರುವುದು 20ರಿಂದ 22ನೇ ತಾರೀಖು, ಕಿಂಡಿ ತೆರೆಯುವುದು 15ಕ್ಕೆ. 13ರಿಂದ 24ರವರೆಗೆ ರಜೆ ಸಿಕ್ಕರೆ ಸಾಕು. ಒಂದನೇ ತಾರೀಖಿಗೆ ಬಂದು ಹನ್ನೆರಡಕ್ಕೆ ಹೋದರೆ ಅರ್ಧ ರಜೆ ಮುಟ್ಟಿನಲ್ಲೇ ಕಳೆಯುತ್ತದೆ.

ಇದರ ಹಿಂದೆಯೇ ಬರುವ ಪ್ರಶ್ನೆ, ಗಂಡು ಆಗಲು ಯಾವ ದಿನ ಎಂಬುದು. ಹಳೆಯ ಶಾಸ್ತ್ರದಲ್ಲಿ ಮುಟ್ಟಿನಿಂದ ಹದಿನಾರು ರಾತ್ರಿ ಋತುಕಾಲ, ಸಮ ರಾತ್ರಿಗೆ ಗಂಡು, ಬೆಸ ರಾತ್ರಿಗೆ ಹೆಣ್ಣು ಎಂದಿದೆ. 35 ದಿನದ ಚಕ್ರದವಳಿಗೆ ಕಿಂಡಿ ತೆರೆಯುವುದೇ ಹದಿನಾರನೇ ದಿನ; ಶಾಸ್ತ್ರ ನಂಬಿದರೆ ಅವಳಿಗೆ ಉಳಿಯುವುದು ಒಂದೇ ರಾತ್ರಿ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. ದಿನದಿಂದಲ್ಲ, ತಾಯಿಯಿಂದಂತೂ ಅಲ್ಲ.

ಮಗು ಬೇಡ ಎನ್ನುವವರೂ ಇದೇ ಲೆಕ್ಕ ಕೇಳುತ್ತಾರೆ. ಚಕ್ರ ಸದಾ 26ರಿಂದ 32 ದಿನದೊಳಗೆ ಇರುವವರು 8ರಿಂದ 19ನೇ ದಿನದವರೆಗೆ ದೂರವಿರುವ ಅಥವಾ ಕಾಂಡೋಮ್ ಬಳಸುವ ವಿಧಾನವಿದೆ. ಜನ ಸಾಮಾನ್ಯವಾಗಿ ಪಾಲಿಸುವ ರೀತಿಯಲ್ಲಿ ವರ್ಷಕ್ಕೆ ನೂರರಲ್ಲಿ 12 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಪರ್ ಟಿ ಇದಕ್ಕಿಂತ ಎಷ್ಟೋ ಭದ್ರ. ಬಾಣಂತಿಯರು ಮುಟ್ಟೇ ಆಗಿಲ್ಲವೆಂದು ನಿಶ್ಚಿಂತೆಯಿಂದ ಇರಬಾರದು, ಮೊದಲ ಮುಟ್ಟಿಗಿಂತ ಎರಡು ವಾರ ಮುಂಚೆಯೇ ಅಂಡ ಬಂದಿರಬಹುದು. ಗರ್ಭ ತಡೆಯುವ ಅಂತರಾ ಚುಚ್ಚುಮದ್ದು ಬಿಟ್ಟವರಿಗೆ ಮತ್ತೆ ಗರ್ಭ ನಿಲ್ಲಲು ಕೊನೆಯ ಸೂಜಿಯಿಂದ 7ರಿಂದ 10 ತಿಂಗಳು ತಡವಾಗುವುದು ಸಹಜ, ಗಾಬರಿ ಬೇಡ.

ಗರ್ಭಕ್ಕೆ ಪ್ರಯತ್ನಿಸುವವರು ಕನಿಷ್ಠ ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಲಿ.

ಯಾವಾಗ ತೋರಿಸಬೇಕು? ಜೊತೆಗಿದ್ದು ಒಂದು ವರ್ಷ, ವಯಸ್ಸು 35 ದಾಟಿದ್ದರೆ ಆರು ತಿಂಗಳು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವವರು, ಹಿಂದೆ ಟಿಬಿ ಆಗಿದ್ದವರು ಕಾಯಲೇಬಾರದು. ಟಿಬಿ ಕೆಮ್ಮಿಲ್ಲದೆಯೂ ಗರ್ಭನಾಳ ಮುಚ್ಚಬಲ್ಲದು. ಅಂಡ ಬಂದಿದೆಯೋ ಎಂದು ನೋಡಲು "21ನೇ ದಿನದ ಪ್ರೊಜೆಸ್ಟರಾನ್" ಎಂಬ ಹಾರ್ಮೋನು ಪರೀಕ್ಷೆ ಬರೆದುಕೊಟ್ಟರೆ ನಿಮ್ಮ ಚಕ್ರ ಎಷ್ಟು ದಿನದ್ದೆಂದು ಹೇಳಿ. ಆ ರಕ್ತಪರೀಕ್ಷೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಆಗಬೇಕು. 35 ದಿನದವಳಿಗೆ ಅದು 28ನೇ ದಿನ. 21ಕ್ಕೇ ಕೊಟ್ಟರೆ ಅಂಡವೇ ಆಗಿಲ್ಲವೆಂದು ಬರುತ್ತದೆ, ಇಲ್ಲದ ರೋಗಕ್ಕೆ ಗುಳಿಗಿ ಶುರುವಾಗುತ್ತದೆ. ಅಂಡ ಬೆಳೆಸುವ ಗುಳಿಗಿಯನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವುದು ಅದಕ್ಕಿಂತ ಕೆಟ್ಟದ್ದು.

ಮತ್ತು ಸೊಸೆಯೊಬ್ಬಳನ್ನೇ ಊರೂರು ಅಲೆಸಬೇಡಿ, ಮಗನ ವೀರ್ಯ ಪರೀಕ್ಷೆ ಮೊದಲ ವಾರದಲ್ಲೇ ಆಗಲಿ. ಎಲ್ಲಕ್ಕಿಂತ ಅಗ್ಗ, ಸೂಜಿಯೂ ಇಲ್ಲ. ಅದಕ್ಕೆ ಮೊದಲು 2ರಿಂದ 7 ದಿನ ಕೂಡದೆ ಇರಬೇಕು, ತೆಗೆದ ಒಂದು ತಾಸಿನೊಳಗೆ ಲ್ಯಾಬಿನಲ್ಲಿ ನೋಡಬೇಕು. ಇಂಡಿಯಿಂದಲೋ ಜಮಖಂಡಿಯಿಂದಲೋ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಎರಡು ತಾಸು ತಂದರೆ ಚೆನ್ನಾಗಿದ್ದದ್ದೂ ಚುರುಕು ಕಳೆದುಕೊಂಡಿರುತ್ತದೆ. ಲ್ಯಾಬಿಗೇ ಬಂದು ಕೊಡಲಿ.